ಹತ್ತು ಈಟಿಮೊನೆಗಳ ಪೆಟ್ಟಿಗೆ: ಅಚ್ಚು ಚೆನ್ನಾಗಿದೆ, ಪುಸ್ತಿಕೆ ದಾರಿ ತಪ್ಪಿಸುತ್ತದೆ

ಕೊಂಡಿದ್ದು ಏನು ಅಂತ ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ಶಿಲಾಯುಗದ ಈಟಿಮೊನೆಗಳ ಹತ್ತು ರೆಸಿನ್ ಅಚ್ಚುಗಳು, ಅಂದರೆ ಮೋಲ್ಡಿನಲ್ಲಿ ಸುರಿದು ತೆಗೆದ ನಕಲುಗಳು. ಅವನ್ನು ಕೂರಿಸಲು ಫೋಮ್ ಕೊರೆದ ಒಂದು ಪೆಟ್ಟಿಗೆ. ಜೊತೆಗೆ ಯಾವುದು ಯಾವ ಬಗೆ ಅಂತ ಗುರುತು ಹಿಡಿಯಲು ಒಂದು ತೆಳ್ಳನೆ ಪುಸ್ತಿಕೆ. ಬೆಲೆ 140 ಡಾಲರ್, ಸಾಗಣೆ ಬೇರೆ. ಮಾಡುವುದು ಗಂಡ-ಹೆಂಡತಿ ಇಬ್ಬರೇ ನಡೆಸುವ ಸಣ್ಣ ಅಂಗಡಿ. ಹೆಸರು ಹಾಕುತ್ತಿಲ್ಲ, ಯಾಕೆಂದರೆ ಕೆಳಗೆ ಬೈಗುಳವೂ ಸ್ವಲ್ಪ ಇದೆ. ಇಂಥ ಪೆಟ್ಟಿಗೆ ಬೇರೆ ಕಡೆಯೂ ಸಿಗುತ್ತದೆ. ಕೊಳ್ಳುವಾಗ ಏನು ನೋಡಬೇಕು ಅನ್ನುವುದು ಎಲ್ಲಕ್ಕೂ ಒಂದೇ.

ನನ್ನೂರು ಸಾಗರ. ಈಗಿರುವುದು ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ. ಕೆಲಸ ಯಂತ್ರದ ಬಿಡಿಭಾಗಗಳ ತಪಾಸಣೆ, ಹಾಗಾಗಿ ಉದ್ದ-ದಪ್ಪ ಅಳೆಯುವ ಕ್ಯಾಲಿಪರ್ ಸದಾ ಕೈಯಲ್ಲೇ. ಈ ರಾಜ್ಯಕ್ಕೆ ಬಂದವರಿಗೆ ಈ ಕಲ್ಲುಗಳ ಹುಚ್ಚು ಹಿಡಿಯುವುದು ಸುಲಭ. ಕ್ಲೋವಿಸ್, ಫಾಲ್ಸಮ್ ಎರಡೂ ಇಲ್ಲಿನ ಊರುಗಳು. ಅಮೆರಿಕದ ಅತಿ ಹೆಸರಾದ ಎರಡು ಬಗೆಯ ಮೊನೆಗಳಿಗೆ ಆ ಊರುಗಳ ಹೆಸರೇ ಬಂದಿದೆ.

ಪೆಟ್ಟಿಗೆ ಬಿಚ್ಚಿದಾಗ ಮನೆಯಲ್ಲಿ ಬಂದ ಮೊದಲ ಮಾತು: "140 ಡಾಲರ್ ಕೊಟ್ಟು ಪ್ಲಾಸ್ಟಿಕ್ ಕಲ್ಲು ತರಿಸಿದ್ರಾ?"

"ಪ್ಲಾಸ್ಟಿಕ್ ಅಲ್ಲ ಮಾರಾಯ್ತಿ, ರೆಸಿನ್."

"ಎರಡೂ ಒಂದೇ ಅಲ್ವಾ?"

ಒಂದೇ, ನಿಜ. ಆದರೆ ಅಸಲಿ ಕಲ್ಲು ಕೈಗೆ ಸಿಗುವುದು ಕಷ್ಟ. ಸರ್ಕಾರಿ ಜಮೀನಿನಲ್ಲಿ ಕಂಡ ಮೊನೆಯನ್ನು ಎತ್ತಿ ಜೇಬಿಗೆ ಹಾಕುವಂತಿಲ್ಲ. ಹಾಕಲೂ ಬಾರದು, ಎತ್ತಿದ ಕೂಡಲೇ ಅದು ಯಾವ ಪದರದಲ್ಲಿತ್ತು ಅನ್ನುವ ಸಾಕ್ಷಿ ಹೋಯಿತು. ಮ್ಯೂಸಿಯಮ್‌ಗೆ ಹೋದರೆ ಗಾಜಿನ ಹಿಂದೆ, ಒಂದೇ ಮುಖ ಕಾಣುತ್ತದೆ. ದುಡ್ಡು ಕೊಟ್ಟು ಕೊಳ್ಳೋಣ ಅಂದರೆ ಮಾರುಕಟ್ಟೆ ತುಂಬಾ ನಿನ್ನೆ ಮೊನ್ನೆ ಕಡಿದ ನಕಲುಗಳು. ಪುಸ್ತಕದ ಚಿತ್ರದಲ್ಲಿ ದಪ್ಪ ಗೊತ್ತಾಗುವುದಿಲ್ಲ. ಈ ಮೊನೆಗಳ ಅರ್ಧ ಕಥೆ ಇರುವುದೇ ದಪ್ಪದಲ್ಲಿ. ಅದಕ್ಕೇ ಅಚ್ಚು ಬೇಕು.

ಹೊಸಬರಿಗೆ ಎರಡು ಮಾತು. ಫ್ಲೂಟ್ ಅಂದರೆ ಮೊನೆಯ ಬುಡದಿಂದ ತುದಿಯ ಕಡೆಗೆ ಎಬ್ಬಿಸಿದ ಒಂದು ಉದ್ದ ಚಕ್ಕೆಯ ಗುರುತು. ಬುಡಕ್ಕೆ ಸರಿಯಾದ ಜಾಗದಲ್ಲಿ ಏಟು ಕೊಟ್ಟರೆ ಅಥವಾ ಒತ್ತಿದರೆ ಮೈ ಮೇಲಿಂದ ಒಂದು ಚಕ್ಕೆ ಎದ್ದು ಬರುತ್ತದೆ, ಅಲ್ಲಿ ಉದ್ದಕ್ಕೆ ತೋಡು ಉಳಿಯುತ್ತದೆ. ಸಾಮಾನ್ಯವಾಗಿ ಎರಡೂ ಮುಖಕ್ಕೆ ಹೀಗೆ ಮಾಡುತ್ತಾರೆ. ಬುಡ ತೆಳ್ಳಗಾಗಿ ಕೋಲಿನ ಸೀಳಿಗೆ ಕೂರುತ್ತದೆ ಅನ್ನುವುದು ಹಳೆಯ ವಿವರಣೆ. ಓಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಇನ್ನೊಂದು ಮಾತು ಸೇರಿಸಿತು. ತೆಳ್ಳಗಾದ ಬುಡ ಸ್ವಲ್ಪ ಪುಡಿಯಾಗಿ ಏಟಿನ ಒತ್ತಡವನ್ನು ತಾನೇ ನುಂಗುತ್ತದೆ, ಹಾಗಾಗಿ ಇಡೀ ಮೊನೆ ಮುರಿಯುವುದು ತಪ್ಪುತ್ತದೆ ಅಂತ. ಕಂಪ್ಯೂಟರ್ ಮಾದರಿ ಮಾಡಿ, ನಿಜವಾದ ಕಲ್ಲಿನ ಮೊನೆಗಳನ್ನು ಒತ್ತಿ ಮುರಿದೂ ನೋಡಿದ್ದಾರೆ. ನನ್ನ ವೃತ್ತಿಯವರಿಗೆ ಇಂಥ ವಿವರಣೆ ಬೇಗ ಹಿಡಿಸುತ್ತದೆ.

ಈಗ ಪೆಟ್ಟಿಗೆಗೆ ಬರುತ್ತೇನೆ. ಕ್ಲೋವಿಸ್ ಮೂರು, ಫಾಲ್ಸಮ್ ಒಂದು, ಮಾಡುವಾಗಲೇ ಮುರಿದ ಅರೆಬರೆ ಫಾಲ್ಸಮ್ ಒಂದು, ಕಂಬರ್‌ಲ್ಯಾಂಡ್ ಒಂದು, ಡೆಬರ್ಟ್ ಒಂದು, ಕ್ರೋಫೀಲ್ಡ್ ಒಂದು. ಉಳಿದೆರಡು ಫ್ಲೂಟ್ ಇಲ್ಲದವು, ಮಿಡ್‌ಲ್ಯಾಂಡ್ ಮತ್ತು ಪ್ಲೇನ್‌ವ್ಯೂ. ಈ ಎರಡನ್ನು ಯಾಕೆ ಸೇರಿಸಿದರು ಅಂತ ಕೆಲವರು ಅಂಗಡಿಯ ಪುಟದಲ್ಲಿ ಗೊಣಗಿದ್ದಾರೆ. ನನ್ನ ಲೆಕ್ಕದಲ್ಲಿ ಇಡೀ ಸೆಟ್ಟಿನ ಜಾಣತನ ಇರುವುದೇ ಅಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಫಾಲ್ಸಮ್ ಅಚ್ಚಿಗೆ ಪೂರ್ತಿ ಅಂಕ. ಉದ್ದ 42 ಮಿ.ಮೀ., ಹೆಬ್ಬೆರಳಿನ ಮೇಲೆ ಕೂರುತ್ತದೆ. ತೋಡಿನ ಅಂಚಿನ ಏಣಿನ ಮೇಲೆ ಕ್ಯಾಲಿಪರ್ ಇಟ್ಟರೆ ದಪ್ಪ 3.8. ತೋಡಿನ ಒಳಗೆ ಇಟ್ಟರೆ 2.5. ಎರಡೂ ಕಡೆಯಿಂದ ಚಕ್ಕೆ ಎಬ್ಬಿಸಿದ ಮೇಲೆ ನಡುವೆ ಉಳಿದಿದ್ದು ಅಷ್ಟೇ! ತೋಡು ಬುಡದಿಂದ ಹೊರಟು ಹೆಚ್ಚೂಕಮ್ಮಿ ತುದಿ ಮುಟ್ಟುತ್ತದೆ. ಅದರ ಎರಡೂ ಬದಿಗೆ ಅಂಚಿನುದ್ದಕ್ಕೂ ಸಣ್ಣ ಸಣ್ಣ ಚಕ್ಕೆ ಒತ್ತಿ ತೆಗೆದ ಸಾಲು. ಒಂದೊಂದೂ ಮಿಲಿಮೀಟರ್ ಲೆಕ್ಕದ್ದು. ಅಚ್ಚಿನಲ್ಲಿ ಆ ಸಾಲು ಪೂರ್ತಿ ಮೂಡಿದೆ. ಉಗುರು ಎಳೆದರೆ ಕರಕರ ಅನ್ನುತ್ತದೆ. ಬುಡದ ಒಳಬಾಗಿನ ನಡುವೆ ಒಂದು ಪುಟ್ಟ ಮೊಟ್ಟು ಉಳಿದಿದೆ ನೋಡಿ, ಏಟು ಬೀಳಲೆಂದೇ ಬುಡದಲ್ಲಿ ಹೊರಚಾಚಿ ಕಡಿದಿಟ್ಟ ಮೊಟ್ಟಿನ ಶೇಷ ಅದು. ಫೋಟೋದಲ್ಲಿ ನಾನು ಅದನ್ನು ಎಂದೂ ಗಮನಿಸಿರಲಿಲ್ಲ.

ಮುರಿದ ತುಂಡು ಇನ್ನೂ ಚೆನ್ನಾಗಿದೆ. ಒಂದು ಮುಖಕ್ಕೆ ತೋಡು ಸರಿಯಾಗಿ ಬಂದಿದೆ. ಎರಡನೇ ಮುಖಕ್ಕೆ ಹೋದಾಗ ಚಕ್ಕೆ ಅರ್ಧ ದಾರಿಯಲ್ಲಿ ಒಳಕ್ಕೆ ಧುಮುಕಿ ಮೊನೆಯನ್ನೇ ಎರಡು ತುಂಡು ಮಾಡಿದೆ. ಅಷ್ಟು ಹೊತ್ತು ಕೂತು ತಿದ್ದಿ ತೀಡಿ, ಕೊನೆಯ ಏಟಿಗೆ ಎಲ್ಲ ಹಾಳು. ಕೊಲೊರಾಡೋದ ಲಿಂಡನ್‌ಮಾಯರ್ ಬಿಡಾರದಲ್ಲಿ 1930ರ ದಶಕದಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯವರು ಅಗೆದಾಗ ಇಂಥ ಮುರುಕುಗಳು, ಎದ್ದ ಚಕ್ಕೆಗಳು ಬೇಕಾದಷ್ಟು ಸಿಕ್ಕವು. ಡಾನ್ ಕ್ರ್ಯಾಬ್‌ಟ್ರೀ ಎಂಬ ಐಡಹೋದ ಕಲ್ಲು ಕೆಲಸಗಾರ ಅದೇ ಲಿಂಡನ್‌ಮಾಯರ್ ಮೊನೆಗಳನ್ನು ತಾನೇ ಮಾಡಿ ನೋಡಲು ವರ್ಷಗಟ್ಟಲೆ ಒದ್ದಾಡಿ, ಏನೇನು ವಿಧಾನ ಪ್ರಯತ್ನಿಸಿದೆ ಅಂತ 1966ರಲ್ಲಿ ಬರೆದ. ಮುಗಿಸಿದ ಮಾಲಿನ ಜೊತೆಗೆ ಕೆಟ್ಟ ಮಾಲನ್ನೂ ಪೆಟ್ಟಿಗೆಯಲ್ಲಿ ಇಟ್ಟಿದ್ದಕ್ಕೆ ಅಂಗಡಿಯವರಿಗೆ ಶಹಬ್ಬಾಸ್ ಅನ್ನಬೇಕು. ತಪಾಸಣೆ ಕಲಿಯುವವರಿಗೆ ರಿಜೆಕ್ಟ್ ಪೀಸೇ ಒಳ್ಳೆಯ ಮೇಷ್ಟ್ರು.

ಪುಸ್ತಿಕೆಯಲ್ಲಿ ಫಾಲ್ಸಮ್ ಕಥೆಗೆ ಒಂದು ಪುಟ ಕೊಟ್ಟಿದ್ದಾರೆ, ಅದೂ ಸರಿಯಾಗಿದೆ. 1908ರ ನೆರೆಯಲ್ಲಿ ಹಳ್ಳ ಕೊರೆದು ದೊಡ್ಡ ಮೂಳೆಗಳು ಹೊರಬಿದ್ದವು. ಅದನ್ನು ಗಮನಿಸಿದವನು ಜಾರ್ಜ್ ಮೆಕ್‌ಜಂಕಿನ್ ಎಂಬ ಕರಿಯ ಕೌಬಾಯ್, ಗುಲಾಮಗಿರಿಯಲ್ಲಿ ಹುಟ್ಟಿದವನು. ವರ್ಷಗಟ್ಟಲೆ ಕಂಡಕಂಡವರಿಗೆ ಹೇಳಿದ, ಯಾರೂ ಬಂದು ಅಗೆಯಲಿಲ್ಲ. 1922ರಲ್ಲಿ ತೀರಿಕೊಂಡ. ಡೆನ್ವರ್ ಮ್ಯೂಸಿಯಮ್‌ನವರು ಅಗೆಯಲು ಶುರು ಮಾಡಿದ್ದು 1926ರಲ್ಲಿ. 1927ರಲ್ಲಿ ಬೈಸನ್ ಪಕ್ಕೆಲುಬುಗಳ ನಡುವೆ ಸಿಕ್ಕಿಕೊಂಡಿದ್ದ ಮೊನೆಯನ್ನು ಅಲುಗಾಡಿಸದೆ ಹಾಗೇ ಬಿಟ್ಟು, ದೊಡ್ಡ ದೊಡ್ಡ ಪಂಡಿತರನ್ನು ಕರೆಸಿ ತೋರಿಸಿದರು. ಈ ಬೈಸನ್ ನಮ್ಮ ಕಾಟಿ ಅಲ್ಲ, ಈಗ ಅಳಿದುಹೋಗಿರುವ ದೊಡ್ಡ ಜಾತಿ. ಅಮೆರಿಕಕ್ಕೆ ಮನುಷ್ಯ ಬಂದಿದ್ದು ಇತ್ತೀಚೆಗೆ ಅಂತ ಅಲ್ಲಿಯವರೆಗೆ ವಾದಿಸುತ್ತಿದ್ದವರು ಅಲ್ಲಿಗೆ ಸುಮ್ಮನಾಗಬೇಕಾಯಿತು. ಮೆಕ್‌ಜಂಕಿನ್ ಹೆಸರನ್ನು ಬಿಡದೆ ಹಾಕಿದ್ದು ನನಗೆ ಖುಷಿಯಾಯಿತು.

ಇನ್ನು ದೂರು.

ಕ್ಲೋವಿಸ್ ಅಚ್ಚುಗಳು ನೋಡಲು ಭರ್ಜರಿ. ಅಲಿಬೇಟ್ಸ್ ಕಲ್ಲಿನ ಹಾಗೆ ಕೆಂಪು-ಬಿಳಿ ಪಟ್ಟೆ ಬಳಿದಿದ್ದಾರೆ. ಟೆಕ್ಸಾಸ್‌ನ ಆ ಕಲ್ಲು ನಿಜಕ್ಕೂ ಹಾಗೇ ಇರುತ್ತದೆ, ದೂರದೂರದವರೆಗೆ ಹೊತ್ತುಕೊಂಡು ಹೋಗುತ್ತಿದ್ದರು. ದೊಡ್ಡದು 96 ಮಿ.ಮೀ., ದಪ್ಪ 7.8. ತೋಡು ಬುಡದಿಂದ ಮೂರನೇ ಒಂದು ಭಾಗದಲ್ಲಿ ನಿಲ್ಲುತ್ತದೆ. ಅದೂ ಒಂದೇ ಚಕ್ಕೆ ಅಲ್ಲ, ಒಂದರ ಪಕ್ಕ ಒಂದು ಎರಡು ಮೂರು. ಇದೆಲ್ಲ ಸರಿ. ಆದರೆ ಕ್ಲೋವಿಸ್ ಗುರುತಿನಲ್ಲಿ ಮುಖ್ಯವಾದ ಒಂದು ವಿಷಯ ಇದೆ. ಬುಡದ ಅಂಚನ್ನೂ ಬದಿಗಳ ಕೆಳಭಾಗವನ್ನೂ ಬೇರೆ ಕಲ್ಲಿಗೆ ಉಜ್ಜಿ ಮೊಂಡು ಮಾಡಿರುತ್ತಾರೆ. ಮೊನೆಯನ್ನು ಕೋಲಿಗೆ ಕಟ್ಟಿದ ನಾರು ಹರಿಯಬಾರದಲ್ಲ, ಅದಕ್ಕೆ. ಅಸಲಿ ಮೊನೆಯ ಅಂಚಿನ ಮೇಲೆ ಬೆರಳು ಎಳೆದರೆ ತುದಿಯಿಂದ ಕೆಳಗೆ ಬರುವವರೆಗೆ ಗರಗಸದಂತೆ ಕುಯ್ಯುತ್ತದೆ, ಉಜ್ಜಿದ ಜಾಗ ಬಂದ ಕೂಡಲೇ ನುಣುಪು. ಎಲ್ಲಿ ಬದಲಾಗುತ್ತದೋ ಅಲ್ಲಿಯವರೆಗೆ ಹಿಡಿ ಇತ್ತು ಅಂತ ಲೆಕ್ಕ.

ಈ ಅಚ್ಚುಗಳಲ್ಲಿ ಅದು ಸಿಗುವುದೇ ಇಲ್ಲ. ಎರಡು ಭಾಗದ ಮೋಲ್ಡಿನಲ್ಲಿ ರೆಸಿನ್ ಸುರಿದಾಗ ಅಂಚಿನ ಸುತ್ತ ಒಂದು ಜೋಡಣೆ ಗೆರೆ ಏಳುತ್ತದೆ. ಅದನ್ನು ಅರದಿಂದ ಉಜ್ಜಿ ತೆಗೆದಿದ್ದಾರೆ. ಉಜ್ಜುವಾಗ ಸುತ್ತ ಎಲ್ಲ ಕಡೆ ಒಂದೇ ಸಮ ಉಜ್ಜಿದ್ದಾರೆ. ಹಾಗಾಗಿ ಚೂಪಾಗಿ ಇರಬೇಕಾದ ಕಡೆಯೂ ಮೊಂಡು. ಹದಿಮೂರು ಸಾವಿರ ವರ್ಷ ಹಿಂದಿನವನು ಉಜ್ಜಿದ್ದು ಯಾವುದು, ಅಂಗಡಿಯವರು ಉಜ್ಜಿದ್ದು ಯಾವುದು ಅಂತ ಹೇಳುವ ಹಾಗೇ ಇಲ್ಲ. ಫಾಲ್ಸಮ್ ಒಂದನ್ನು ಮಾತ್ರ ಜೋಪಾನವಾಗಿ ಬಿಡಿಸಿದ್ದಾರೆ. ಅದೇ ಕೈ ಉಳಿದವಕ್ಕೂ ಯಾಕೆ ಬರಲಿಲ್ಲವೋ.

ಬಣ್ಣದ ಮೇಲೂ ತಕರಾರಿದೆ. ಹೊಳಪು ಜಾಸ್ತಿ. ಚಕ್ಕೆ ಗುರುತಿನೊಳಗಿನ ಸಣ್ಣ ಅಲೆಗಳು ಹೊಳಪಿನಲ್ಲಿ ಮುಳುಗಿ ಹೋಗುತ್ತವೆ. ಟೇಬಲ್ ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸ್ವಲ್ಪ ಪರವಾಗಿಲ್ಲ. ಒಂದರ ತೋಡಿನೊಳಗೆ ಗಾಳಿಗುಳ್ಳೆಯ ತೂತು ಬೇರೆ. ತೂಕದ ಬಗ್ಗೆ ದೂರಿಲ್ಲ. ರೆಸಿನ್ ಕಲ್ಲಿನ ಅರ್ಧ ಭಾರವೂ ಇರುವುದಿಲ್ಲ, ಅದು ಗೊತ್ತಿದ್ದೇ ಕೊಳ್ಳಬೇಕು.

ದೊಡ್ಡ ದೂರು ಪುಸ್ತಿಕೆ ಮೇಲೆ. ಪ್ರಶ್ನೆ ಕೇಳುತ್ತಾ ಹೋಗುವ ಕ್ರಮ ಇದೆ: ಹೌದು ಅಂದರೆ ಈ ಪುಟ, ಅಲ್ಲ ಅಂದರೆ ಆ ಪುಟ. ಒಳ್ಳೆಯ ಉಪಾಯ. ಆದರೆ ಮೊದಲ ಪ್ರಶ್ನೆಯೇ "ಉದ್ದ 75 ಮಿ.ಮೀ.ಗಿಂತ ಜಾಸ್ತಿಯೇ?" ಅಂತ. ಇಲ್ಲೇ ಬಂಡಿ ಹಳಿ ತಪ್ಪಿತು. ಉದ್ದ ಅನ್ನುವುದು ಮೊನೆಯ ಹುಟ್ಟುಗುಣ ಅಲ್ಲ. ಬಳಸಿ ಮೊಂಡಾದರೆ, ತುದಿ ಮುರಿದರೆ, ಹಿಡಿಯಿಂದ ಬಿಚ್ಚದೆ ಹಾಗೇ ತುದಿಯನ್ನು ಮತ್ತೆ ಚೂಪು ಮಾಡುತ್ತಿದ್ದರು. ಪ್ರತಿ ಸಲವೂ ಗಿಡ್ಡವಾಗುತ್ತದೆ. ಬುಡ ಮಾತ್ರ ನಾರಿನ ಒಳಗೆ ಹಾಗೇ ಇರುತ್ತದೆ. ಆದ್ದರಿಂದ ಮೊದಲು ಕೇಳಬೇಕಾದ್ದು ಬುಡದ ಬಗ್ಗೆ, ಆಮೇಲೆ ದಪ್ಪ, ಆಮೇಲೆ ತೋಡು. ಉದ್ದ ಕೊನೆಗೆ.

ಇದಕ್ಕೆ ಸಾಕ್ಷಿ ಬೇಕಿದ್ದರೆ ಅರಿಜೋನಾದ ನಾಕೋ ನೋಡಿ. 1952ರಲ್ಲಿ ಅಲ್ಲಿ ಒಂದೇ ಮ್ಯಾಮತ್ (ಈಗ ಅಳಿದುಹೋಗಿರುವ ಆನೆ ಜಾತಿ) ಜೊತೆ ಎಂಟು ಕ್ಲೋವಿಸ್ ಮೊನೆ ಸಿಕ್ಕವು. ಅವುಗಳಲ್ಲಿ ದೊಡ್ಡದು ಚಿಕ್ಕದರ ಸುಮಾರು ಎರಡರಷ್ಟು ಉದ್ದ. ಒಂದೇ ಪ್ರಾಣಿ, ಒಂದೇ ಬೇಟೆ. ಈ ಪುಸ್ತಿಕೆ ಹಿಡಿದು ಹೊರಟರೆ ಆ ಎಂಟನ್ನು ಎರಡು ಬಗೆ ಅಂತ ಬರೆದುಕೊಳ್ಳಬೇಕಾಗುತ್ತದೆ! ತಮಾಷೆ ಅಂದರೆ ಇದೇ ಪೆಟ್ಟಿಗೆಯಲ್ಲಿರುವ ಮೂರನೇ ಕ್ಲೋವಿಸ್ ಹೀಗೆ ತೀಡಿ ತೀಡಿ ಗಿಡ್ಡವಾದದ್ದು, 51 ಮಿ.ಮೀ. ಅಂಗಡಿಯವರ ಅಚ್ಚೇ ಅವರ ಪುಸ್ತಿಕೆಯ ಪರೀಕ್ಷೆಯಲ್ಲಿ ಫೇಲು.

ಈಗ ಆ ಫ್ಲೂಟ್ ಇಲ್ಲದ ಎರಡರ ವಿಷಯ. ಮಿಡ್‌ಲ್ಯಾಂಡ್ ಅಂದರೆ ಹೆಚ್ಚೂಕಮ್ಮಿ ತೋಡಿಲ್ಲದ ಫಾಲ್ಸಮ್. ಆಕಾರ ಅದೇ, ಅಂಚಿನ ನಾಜೂಕು ಕೆಲಸವೂ ಹತ್ತಿರ ಹತ್ತಿರ ಅದೇ. ಮೊದಲೇ ಇಷ್ಟು ತೆಳ್ಳಗಿರುವಾಗ ತೋಡು ಎಬ್ಬಿಸಲು ಹೋದರೆ ಮುರಿದೇ ಹೋಗುತ್ತದೆ, ಅದಕ್ಕೇ ಬಿಟ್ಟರು ಅನ್ನುವವರಿದ್ದಾರೆ. ಅದನ್ನು ಮಾಡಿದವರೇ ಬೇರೆ ಅನ್ನುವವರೂ ಇದ್ದಾರೆ. ಪ್ಲೇನ್‌ವ್ಯೂ ಕ್ಲೋವಿಸ್‌ನ ಹೊರಗೆರೆಯನ್ನೇ ಹೋಲುತ್ತದೆ, ಬುಡದಲ್ಲಿ ಮಾತ್ರ ಸಣ್ಣ ಸಣ್ಣ ಚಕ್ಕೆ ತೆಗೆದು ತೆಳ್ಳಗೆ ಮಾಡಿರುತ್ತಾರೆ. ಅದನ್ನೇ ಫ್ಲೂಟ್ ಅಂದುಕೊಂಡು ಹಿಗ್ಗುವವರು ಬಹಳ. ಕ್ಲೋವಿಸ್ ಪಕ್ಕ ಪ್ಲೇನ್‌ವ್ಯೂ ಇಟ್ಟು ಎರಡರ ಬುಡದ ಮೇಲೂ ಹೆಬ್ಬೆರಳು ಆಡಿಸಿ. ಒಂದರಲ್ಲಿ ಬೆರಳು ಕಾಲುವೆಗೆ ಇಳಿಯುತ್ತದೆ. ಇನ್ನೊಂದರಲ್ಲಿ ಇಳಿಜಾರು ಅಷ್ಟೇ ಸಿಗುತ್ತದೆ. ಇದನ್ನು ಯಾವ ಪುಸ್ತಕವೂ ಹೇಳಿಕೊಡಲಾರದು.

ಕಂಬರ್‌ಲ್ಯಾಂಡ್ ಇನ್ನೊಂದು ಒಳ್ಳೆಯ ಪಾಠ. ಟೆನೆಸ್ಸಿ, ಕೆಂಟಕಿ ಕಡೆಯದು. ಇದಕ್ಕೂ ತೋಡು ಬುಡದಿಂದ ತುದಿಯವರೆಗೆ. ಫೋಟೋ ನೋಡಿದವರು ಥಟ್ಟನೆ ಫಾಲ್ಸಮ್ ಅನ್ನುತ್ತಾರೆ. ಕೈಗೆ ತೆಗೆದುಕೊಂಡರೆ ಉದ್ದ, ಕಿರಿದು, ಸೊಂಟ ಸಣ್ಣ, ಬುಡದಲ್ಲಿ ಎರಡು ಕಿವಿ ಹೊರಗೆ ಚಾಚಿವೆ. ಕ್ಯಾಲಿಪರ್ 8 ತೋರಿಸುತ್ತದೆ. ಅಡ್ಡಸೀಳು ದಪ್ಪ. ತೋಡಿನ ಉದ್ದ ಒಂದನ್ನೇ ನಂಬಿ ಹೆಸರಿಡಬಾರದು ಅಂತ ಹೇಳಲು ಇದೊಂದು ಅಚ್ಚು ಸಾಕು. ನೋವಾ ಸ್ಕೋಶಿಯಾದ ಡೆಬರ್ಟ್‌ನ ಬುಡ ಆಳವಾಗಿ ಒಳಕ್ಕೆ ಬಾಗಿರುತ್ತದೆ, ಒಮ್ಮೆ ನೋಡಿದರೆ ಮರೆಯುವುದಿಲ್ಲ. ಒಂಟಾರಿಯೋದ ಕ್ರೋಫೀಲ್ಡ್ ಅಗಲ, ತೀರಾ ತೆಳು, ಒಂದೇ ಮುಖಕ್ಕೆ ಹಲವು ತೋಡು. ನನ್ನ ಪೆಟ್ಟಿಗೆಯಲ್ಲಿ ಅದರ ಒಂದು ಮೂಲೆ ಮುರಿದೇ ಬಂದಿತ್ತು.

ಪೆಟ್ಟಿಗೆಯಲ್ಲಿ ಇರಬೇಕಿತ್ತು, ಇಲ್ಲ ಅನ್ನಿಸಿದ್ದು ಎರಡು. ಮೊದಲನೆಯದು, ಏಟು ಬಿದ್ದು ತುದಿ ಸೀಳಿದ ಮೊನೆ. ಬೇಟೆಯಲ್ಲಿ ಮೂಳೆಗೆ ಬಡಿದಾಗ ತುದಿಯಿಂದ ಕೆಳಗೆ ಒಂದು ಚಕ್ಕೆ ಎದ್ದುಹೋಗಿ ಥೇಟ್ ಫ್ಲೂಟ್ ಹಾಗೇ ಕಾಣುತ್ತದೆ. ಡಲ್ಲಾಸ್‌ನ ಗೆಳೆಯನೊಬ್ಬ ತನ್ನ ಪರಿಚಯದವರ ಜಮೀನಿನಲ್ಲಿ ಸಿಕ್ಕಿದ್ದರ ಫೋಟೋ ಕಳಿಸಿ "ಗುರುವೇ, ಇದು ಫಾಲ್ಸಮ್ ಅಲ್ವಾ?" ಅಂತ ಕೇಳಿದ್ದ. ಹತ್ತಿರದಿಂದ, ಪಕ್ಕದ ಬೆಳಕಿನಲ್ಲಿ ಇನ್ನೊಂದು ತೆಗೆಯಲು ಹೇಳಿದೆ. ಚಕ್ಕೆ ಎದ್ದ ಜಾಗದಲ್ಲಿ ಯಾವಾಗಲೂ ಬಳೆಬಳೆಯಾಗಿ ಅಲೆ ಉಳಿದಿರುತ್ತದೆ, ಕೆರೆಗೆ ಕಲ್ಲು ಎಸೆದಾಗ ಏಳುವ ಹಾಗೆ. ಅಲೆಯ ಉಬ್ಬು ಯಾವ ಕಡೆಗಿದೆಯೋ ಆ ಕಡೆಗೆ ಬಿರುಕು ಓಡಿದೆ ಅಂತ ಅರ್ಥ. ಅವನ ಕಲ್ಲಿನಲ್ಲಿ ಉಬ್ಬು ಬುಡದ ಕಡೆಗಿತ್ತು. ಅಂದರೆ ಏಟು ಬಿದ್ದಿದ್ದು ತುದಿಗೆ. ಫ್ಲೂಟ್ ಅಲ್ಲ, ಗಾಯ. "ಹಾಗಾದ್ರೆ ಬೆಲೆ ಇಲ್ವಾ?" ಅಂದ. ಯಾವುದಕ್ಕೋ ತಾಗಿದ ಮೊನೆ ಅದು ಮಾರಾಯ, ನನಗಂತೂ ಅದೇ ಜಾಸ್ತಿ ಬೆಲೆಯದು ಅಂದೆ.

ಎರಡನೆಯದು ಅರೇಬಿಯಾದ ಮೊನೆ. ಯೆಮನ್‌ನ ಮನಯ್ಜಾ, ಒಮಾನ್‌ನ ಅದ್ ದಹಾರಿಜ್ ಎಂಬ ಕಡೆ ಸುಮಾರು 8,000 ವರ್ಷ ಹಿಂದಿನ ಫ್ಲೂಟ್ ಮಾಡಿದ ಮೊನೆಗಳು ಸಿಕ್ಕಿವೆ, 2020ರಲ್ಲಿ ಅದರ ಅಧ್ಯಯನ ಪ್ರಕಟವಾಯಿತು. ಅಮೆರಿಕದವರಿಗೂ ಇವರಿಗೂ ಸಾವಿರಾರು ವರ್ಷಗಳ, ಸಾವಿರಾರು ಮೈಲಿಗಳ ಅಂತರ. ಇವರು ತಾವೇ ಬೇರೆಯಾಗಿ ಕಂಡುಕೊಂಡ ವಿದ್ಯೆ. ಅಲ್ಲಿ ಎಷ್ಟೋ ಮೊನೆಗಳಿಗೆ ತೋಡು ಎಬ್ಬಿಸಿದ್ದು ತುದಿಯ ಕಡೆಯಿಂದ! ಹಿಡಿಗೆ ಕೂರಿಸಲು ಅದರಿಂದ ಉಪಯೋಗವಿಲ್ಲ. ಕೈಚಳಕ ತೋರಿಸಲು ಮಾಡಿರಬೇಕು ಅನ್ನುವುದು ಆ ಸಂಶೋಧಕರ ಅಭಿಪ್ರಾಯ. ಫ್ಲೂಟ್ ಕಂಡ ಕೂಡಲೇ ಕ್ಲೋವಿಸ್ ಅನ್ನುವ ಚಾಳಿ ಬಿಡಿಸಲು ಆ ಅಚ್ಚು ಒಂದಿದ್ದರೆ ಚೆನ್ನಾಗಿತ್ತು. ಒಮಾನ್‌ನಲ್ಲಿರುವ ನಮ್ಮವರು ಸಲಾಲಾ ಕಡೆ ಹೋದರೆ ನೆನಪಿರಲಿ, ಅದ್ ದಹಾರಿಜ್ ಇರುವುದು ಅದೇ ಧೋಫಾರ್ ಪ್ರಾಂತ್ಯದಲ್ಲಿ.

ಯಾರು ಕೊಳ್ಳಬಹುದು? ಇಲ್ಲಿ ಅಮೆರಿಕದಲ್ಲಿದ್ದು, ಪುರಾತತ್ವ ಕಲಿಯುತ್ತಿರುವ ಮಗನೋ ಮಗಳೋ ಇದ್ದರೆ ಕೊಳ್ಳಿ. ಪುಸ್ತಿಕೆಯ ಪ್ರಶ್ನೆಗಳ ಪುಟವನ್ನು ಪಕ್ಕಕ್ಕಿಡಿ, ಜೊತೆಗೆ 25 ಡಾಲರ್‌ನ ಒಂದು ಡಿಜಿಟಲ್ ಕ್ಯಾಲಿಪರ್ ತೆಗೆದುಕೊಳ್ಳಿ. ಶೋಕೇಸಿಗೆ ಇಡಲು ಬೇಕಿದ್ದರೆ ಕ್ಲೋವಿಸ್ ಒಂದೇ ಬಿಡಿಯಾಗಿ ಸಿಗುತ್ತದೆ, ಅಷ್ಟು ಸಾಕು. ಅಂಚಿನ ಉಜ್ಜುಗುರುತು ನೋಡಲೇಬೇಕು ಅನ್ನುವವರು ದುಡ್ಡು ಉಳಿಸಿ ಪೋರ್ಟಾಲಿಸ್‌ಗೆ ಹೋಗಿ ಬನ್ನಿ. ಆಲ್ಬುಕರ್ಕಿಯಿಂದ ಕಾರಿನಲ್ಲಿ ಮೂರೂವರೆ ಗಂಟೆ ದಾರಿ. ಅಲ್ಲಿನ ಬ್ಲ್ಯಾಕ್‌ವಾಟರ್ ಡ್ರಾದಲ್ಲೇ ಫಾಲ್ಸಮ್ ಪದರದ ಕೆಳಗೆ ಕ್ಲೋವಿಸ್ ಮೊನೆಗಳು ಮ್ಯಾಮತ್ ಮೂಳೆಯ ಜೊತೆ ಸಿಕ್ಕಿ, ಯಾವುದು ಹಳೆಯದು ಅನ್ನುವುದು ಇತ್ಯರ್ಥ ಆಗಿದ್ದು. ಮ್ಯೂಸಿಯಮ್ ಅಲ್ಲಿನ ವಿಶ್ವವಿದ್ಯಾಲಯದ ಕೈಯಲ್ಲಿದೆ. ಗಾಜಿನ ಹಿಂದೆಯೇ ಆದರೂ ಅಸಲಿ ಅಂಚು.

ಊರಿನ ಶಾಲೆಗೆ ಕಳಿಸಬಹುದಾ ಅಂತ ಭಾವ ಕೇಳಿದರು. ಬೇಡ ಅಂದೆ. ನಮ್ಮ ಕಡೆ ಫ್ಲೂಟ್ ಮಾಡಿದ ಮೊನೆಯ ಸಂಪ್ರದಾಯವೇ ಇಲ್ಲ, ಮಕ್ಕಳಿಗೆ ಹೊಲದಲ್ಲಿ ಸಿಗುವುದಕ್ಕೂ ಇದಕ್ಕೂ ಸಂಬಂಧ ಬರುವುದಿಲ್ಲ. ಅದೇ ದುಡ್ಡಿಗೆ ಒಂದು ವ್ಯಾನ್ ಮಾಡಿ ಬಳ್ಳಾರಿಗೆ ಕರೆದುಕೊಂಡು ಹೋಗಲಿ. ಸಂಗನಕಲ್ಲಿನಲ್ಲಿ ಕಲ್ಲು ಕೊಡಲಿ ಮಾಡುತ್ತಿದ್ದ ಜಾಗವೇ ಇದೆ, ಊರಲ್ಲಿ ಭಾರತದ ಶಿಲಾಯುಗದ ಶೋಧಕ್ಕೆ ನಾಂದಿ ಹಾಡಿದ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಮ್ ಇದೆ.

ಅಂಗಡಿಯವರ ನಡವಳಿಕೆ ಬಗ್ಗೆ ಬೇಸರವಿಲ್ಲ. ಮುರಿದ ಕ್ರೋಫೀಲ್ಡ್ ಫೋಟೋ ಕಳಿಸಿದೆ, ವಾದ ಮಾಡದೆ ಬೇರೆ ಕಳಿಸಿದರು. ಅಂಚು ಉಜ್ಜಿದ್ದರ ಬಗ್ಗೆ, ಪುಸ್ತಿಕೆಯ ಮೊದಲ ಪ್ರಶ್ನೆ ಬಗ್ಗೆ ಉದ್ದ ಪತ್ರ ಬರೆದೆ. ಮುಂದಿನ ಮುದ್ರಣದಲ್ಲಿ ನೋಡುತ್ತೇವೆ ಅಂತ ಒಂದು ಸಾಲಿನ ಉತ್ತರ ಬಂತು. ಅದರ ಕೆಳಗೇ ಅವರು ಇನ್ನೊಂದು ವಿಷಯವನ್ನೂ ಬರೆದಿದ್ದರು. ಬಣ್ಣ ಹಾಕದ, ಬರೀ ಬೂದು ರೆಸಿನ್‌ನ ಸೆಟ್ ಕೇಳಿದವರಿಗೆ ಮಾಡಿ ಕೊಡುತ್ತಾರಂತೆ, 20 ಡಾಲರ್ ಕಡಿಮೆಗೆ, ಅಂಚು ಉಜ್ಜದೆಯೂ ಕೊಡುತ್ತಾರಂತೆ. ಅಂಗಡಿಯ ಪುಟದಲ್ಲಿ ಎಲ್ಲೂ ಇದನ್ನು ಬರೆದಿಲ್ಲ. ತರಿಸುವವರು ಅದನ್ನೇ ಕೇಳಿ ತರಿಸಿ.